ಕೆಳಮನೆಯ ಕೊಡ

೨೧೮೭, ಫೆಬ್ರವರಿ ೩೦, ಮಧ್ಯಾಹ್ನದ ಮೇಲೆ

...ಹೀಗಾಗಿ ಆ ಪೊಟ್ಟಣದ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ ಎನ್ನುವಲ್ಲಿಗೆ ನಿನ್ನೆ ನಿಲ್ಲಿಸಿದ್ದೆ. ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ವರ್ಷದ ಕೊನೆಗೆ ಸುಮ್ಮನೆ ಕೂರಲು ಇಟ್ಟುಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮವೂ ನಮಗೆ ಹಾಗೆಯೇ.

ಗಟಾರದ ಹೂಳೆತ್ತುವಾಗ ಸಿಕ್ಕ ನಿಮ್ಮ ಕಾಲದ ಪೊಟ್ಟಣ ಈಗಲೂ ನನ್ನ ಮೇಜಿನ ಮೇಲಿದೆ. ಮೇಲೊಂದು ಹಸಿರೆಲೆ, ಕೆಳಗೆ ‘ಸಸ್ಟೇನಬಲ್’ ಎಂಬ ಮಾತು. ಕಾಲೇಜಿನಲ್ಲಿ ಒಂದು ವರ್ಷ ಹಳೆಯ ಇಂಗ್ಲಿಷ್ ಓದಿದ್ದರಿಂದ ಅಷ್ಟು ಕೂಡಿಸಿ ಓದಬಲ್ಲೆ. ಬಹುಕಾಲ ಬಾಳುವಂಥದ್ದು ಎಂದು ಅರ್ಥವಿರಬೇಕು. ನೂರೈವತ್ತು ವರ್ಷ ಕೆಸರಿನಲ್ಲಿದ್ದರೂ ಪೊಟ್ಟಣ ಹರಿದಿಲ್ಲ, ಎಲೆ ಮಾಸಿಲ್ಲ. ಅಷ್ಟರ ಮಟ್ಟಿಗೆ ಆ ಕಂಪನಿಯವರು ಆಡಿದ ಮಾತು ಉಳಿಸಿಕೊಂಡಿದ್ದಾರೆ.

ನಮ್ಮದು ಘಟಪ್ರಭೆಯ ದಂಡೆಯ ನೇಕಾರರ ಊರು. ನೂಲಿಗೆ ಬಣ್ಣ ಹಾಕುವ ಮನೆ ನಮ್ಮ ಓಣಿಯ ನೆತ್ತಿಯ ಮೇಲಿದೆ. ಬಣ್ಣ ಬಿಟ್ಟ ನೀರು ಮರಳಿನ ತೊಟ್ಟಿ, ಜೊಂಡಿನ ಮಡು ದಾಟಿ ಇಳಿಜಾರಿನಲ್ಲಿ ಇಂಗುತ್ತ ಬಂದು ಓಣಿಯ ಕೊನೆಯ ಮನೆಯ ಬಾವಿಗೆ ಸೇರುತ್ತದೆ, ಅಲ್ಲಿಂದ ಹಳ್ಳಕ್ಕೆ. ಆ ಕೊನೆಯ ಮನೆಯನ್ನು ನಾವು ಕೆಳಮನೆ ಎನ್ನುತ್ತೇವೆ. ಬಣ್ಣದ ಮನೆಯ ಒಡೆಯರು ಕೆಳಮನೆಯಲ್ಲೇ ಇರಬೇಕು, ಅದೇ ಬಾವಿಯ ನೀರು ಕುಡಿಯಬೇಕು. ದಿನಾ ಬೆಳಿಗ್ಗೆ ಓಣಿಯವರೆದುರು ಒಂದು ತಂಬಿಗೆ ಕುಡಿದು ‘ಸರಿ ಐತಿ’ ಎಂದಮೇಲೆ ಬಣ್ಣದ ಒಲೆ ಹಚ್ಚುವುದು. ಇದಕ್ಕೆ ಬಾಯೊಪ್ಪಿಗೆ ಎಂದು ಹೆಸರು. ನಾಲಗೆಗೆ ಒಗರು ತಟ್ಟಿದ ದಿನ ಒಲೆ ಹಚ್ಚುವಂತಿಲ್ಲ. ನಿಮ್ಮ ಕಾಲದ ತಪಾಸಣೆ, ಪ್ರಮಾಣಪತ್ರ ಯಾವುದೂ ನಮ್ಮಲ್ಲಿಲ್ಲ. ಮನುಷ್ಯ ಒಳ್ಳೆಯವನೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ತನ್ನ ಹೊಟ್ಟೆಗೆ ತಾನೇ ವಿಷ ಹಾಕಿಕೊಳ್ಳಲಾರ ಎಂದಷ್ಟೇ ನಂಬಿದ್ದೇವೆ.

ಆ ನಂಬಿಕೆಯ ತೂತು ನನಗೆ ಗೊತ್ತು. ನಾನೇ ಕೊರೆದದ್ದು.

ಈಗ ನಾನಿರುವುದು ಕೆಳಮನೆಯಲ್ಲಿ. ನನ್ನ ಹೆಂಡತಿ ಕಸ್ತೂರೆವ್ವ ಇಪ್ಪತ್ತೆರಡು ವರ್ಷ ಬಣ್ಣದ ಮನೆ ನಡೆಸಿದಳು. ಅವಳು ತೀರಿಕೊಂಡ ಮೇಲೆ ಮನೆ ನನಗೆ ಉಳಿಯಿತು. ಈಗ ಚಂಪಾವತಿ ಎಂಬ ಹೆಣ್ಣುಮಗಳು ಆ ಒಲೆಯನ್ನು ಮತ್ತೆ ಹಚ್ಚುತ್ತೇನೆ ಎನ್ನುತ್ತಿದ್ದಾಳೆ. ಓಣಿಯವರೆಲ್ಲ ಹೂಂ ಅಂದಾಗಿದೆ. ನಾನು ಮನೆ ಕೊಡದೆ ಕೆಲಸ ಶುರುವಾಗುವಂತಿಲ್ಲ, ನಾಳೆ ಬೆಳಿಗ್ಗೆ ಓಣಿ ಸೇರಿದಾಗ ಹೇಳಿಬಿಡಬೇಕು.

ಮೊನ್ನೆ ಗಂಡ ಗೂಳಪ್ಪನನ್ನು ಕರೆದುಕೊಂಡು ಬಂದಿದ್ದಳು. ಒಳಗಿನ ಉದ್ದೇಶಕ್ಕೆ ಇಂಗ್ಲಿಷಿನಲ್ಲಿ ಮೋಟಿವ್ ಎನ್ನುತ್ತಾರಲ್ಲ (ಉಗಿಬಂಡಿಗೂ ಲೋಕೋಮೋಟಿವ್ ಎಂದು ಅಂಥದೇ ಒಂದು ಹೆಸರಿತ್ತು, ಒಳಗೆ ಕುದಿಯುವುದಕ್ಕೇ ಹಾಗೆನ್ನುತ್ತಾರೋ ಏನೋ), ಅದನ್ನು ಕೇಳಿದೆ. ಯಾಕವ್ವಾ ನಿನಗೀ ಉಸಾಬರಿ, ಎಂದೆ.

“ಬಣ್ಣ ಅಂದ್ರ ನಂಗ ಹುಚ್ಚು, ಮುತ್ಯಾ. ಹಳ್ಳ ಚಂದ ಇರ್ಲಿ ಅನ್ನೂದೂ ಐತಿ, ನನ್ನ ಹೆಸರು ನಾಕು ಮಂದಿ ಬಾಯಾಗ ಬರ್ಲಿ ಅನ್ನೂದೂ ಐತಿ. ಸುಳ್ಳು ಯಾಕ ಹೇಳ್ಲಿ?”

ಬರೀ ಹಳ್ಳದ ಮಾತಾಡಿದ್ದರೆ ಆಗಲೇ ಎಬ್ಬಿಸಿ ಕಳಿಸುತ್ತಿದ್ದೆ. ಹೆಸರಿನ ಆಸೆಯನ್ನೂ ಒಪ್ಪಿಕೊಂಡವಳ ಮೇಲೆ ಅನುಮಾನ ಹೂಡಲು ಜಾಗವೇ ಸಿಗಲಿಲ್ಲ. ಆದರೆ ಗೂಳಪ್ಪ ತನ್ನ ಹೆಗಲ ವಸ್ತ್ರದಿಂದ ಕಟ್ಟೆ ಒರೆಸಿ ಅವಳನ್ನು ಕೂರಿಸಿದ. ಚಹಾ ಆರಿಸಿ ಅವಳ ಕೈಗಿಟ್ಟ. ನನ್ನ ಕಣ್ಣು ಅವನ ಮೇಲೆ ಹೋಯಿತು. ನಿಮ್ಮ ಮನೆಯಲ್ಲಿ ನೀರು ತರುವವರು ಯಾರಪ್ಪಾ, ಎಂದು ಕೇಳಿದೆ.

“ನಾನ ತರ್ತೀನ್ರಿ. ಆಕಿಗೆ ಸೊಂಟ ನೋವು, ಕೊಡ ಎತ್ತಾಕ ಬಿಡೂದಿಲ್ಲ ನಾನು.”

“ಎತ್ತಾಕ ಬಿಡೂದಿಲ್ಲಂತ! ಊರ ಮುಂದ ಹೇಳ್ಕೊಂಡು ಅಡ್ಡಾಡ್ತಾನ ನೋಡ್ರಿ” ಎಂದು ಅವಳು ನಕ್ಕಳು.

ನಾನೂ ಅಂಥವನೇ ಆಗಿದ್ದೆ. ಹನ್ನೊಂದು ವರ್ಷದ ಹಿಂದೆ ಕಸ್ತೂರೆವ್ವ ಜ್ವರದಿಂದ ಆಗತಾನೇ ಎದ್ದಿದ್ದಳು. ಅವಳ ಬದಲು ನಾನೇ ಬಾವಿಯ ನೀರು ಸೇದಿ ಬಾಯಿಗಿಟ್ಟೆ, ಒಗರು. ಹೇಳಿದರೆ ಒಲೆ ನಿಲ್ಲಿಸಿ, ಅದೇ ಮೈಯಲ್ಲಿ ಎದೆಮಟ್ಟದ ತೊಟ್ಟಿಗೆ ಇಳಿದು ಮರಳು ಬಗೆಯುತ್ತಾಳೆ. ಹೇಳದಿದ್ದರೆ ಆ ನೀರು ಕುಡಿಯುತ್ತಾಳೆ. ಎರಡೂ ಬೇಡವೆನಿಸಿ ಬಣ್ಣದ ಮನೆಗೂ ಮೇಲಿನ ಕೆರೆಯಿಂದ ಒಂದು ಕೊಡ ತಂದು ಅವಳ ಹಂಡೆಗೆ ಸುರಿದೆ. ಓಣಿಯವರೆದುರು ಅವಳು ಅದನ್ನೇ ಕುಡಿದು, “ಇವತ್ತ ನೀರು ಎಷ್ಟ ಸಿಹಿ ಅದಾವ ನೋಡ್ರೀ” ಎಂದಳು. ಒಲೆ ಹಚ್ಚಿದರು. ಎರಡು ದಿನ, ಮೈ ಚೇತರಿಸಲಿ ಎಂದುಕೊಂಡವನು ಹತ್ತೊಂಬತ್ತು ದಿನ ಕೊಡ ಹೊತ್ತೆ. ಇಪ್ಪತ್ತನೆಯ ದಿನ ಹಳ್ಳದಾಚೆಯ ಕುರಿಗಾರ ಲಕ್ಕಪ್ಪ ಹಳ್ಳದ ನೀರು ಕುಡಿದು ಸತ್ತ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ನಮ್ಮ ಅಂಗಳದಲ್ಲಿ ಮಲಗಿಸಿದ. ಬೈಯಲಿಲ್ಲ. “ಇಂಥಾವು ಇನ್ನೂ ಅದಾವು, ಯವ್ವಾ” ಎಂದಷ್ಟೇ ಅಂದ.

ಕಸ್ತೂರೆವ್ವ ಅಂದೇ ಒಲೆ ಆರಿಸಿದಳು. “ನನ್ನ ನಾಲಿಗಿ ಸತ್ತೈತ್ರೀ, ನಂಗ ಗೊತ್ತಾಗ್ಲಿಲ್ಲ” ಎಂದಳು. ಆಮೇಲೆ ಸಾರಿನ ಉಪ್ಪು ನೋಡಲೂ ನನ್ನನ್ನೇ ಕರೆಯುತ್ತಿದ್ದಳು. ಸರಿಯಾಗಿದ್ದ ನಾಲಗೆಯನ್ನು ಸತ್ತಿದೆ ಎಂದು ನಂಬಿಕೊಂಡೇ ನಾಲ್ಕು ವರ್ಷ ಬದುಕಿದಳು, ಹಾಗೆಯೇ ಹೋದಳು. ನಾನು ಬಾಯಿ ಬಿಡಲಿಲ್ಲ.

ಇದನ್ನು ನಾಳೆ ಓಣಿಯವರೆದುರು ಹೇಳಬೇಕು. ಮೊದಲು ನಿಮ್ಮ ಮುಂದೆ ಹೇಳಿ ನೋಡುತ್ತಿದ್ದೇನೆ; ನೀವೆಲ್ಲ ಸತ್ತು ಎಷ್ಟೋ ಕಾಲವಾಯಿತು, ನಾಚಿಕೆ ಸ್ವಲ್ಪ ಕಡಿಮೆ. ಈ ಹಾಳೆ ನಿಮ್ಮ ಪೊಟ್ಟಣದಲ್ಲೇ ಇಟ್ಟು ಗಟಾರದ ದಂಡೆಯಲ್ಲಿ ಹೂಳುತ್ತೇನೆ. ಅದು ನಮ್ಮವರೆಗೆ ಬಂದಿತು, ತಿರುಗಿ ಹೋಗುವ ದಾರಿ ಅದಕ್ಕೇ ಗೊತ್ತಿರಬಹುದು. ಅಲ್ಲಿ ಯಾರಾದರೂ ಹಸಿರೆಲೆ ಅಂಟಿಸಿಕೊಂಡು ಅಂಗಡಿ ತೆರೆದರೆ, ಅವರ ಮನಸ್ಸಿನಲ್ಲಿ ಏನಿದೆ ಎಂದು ಬಹಳ ಕೆದಕಬೇಡಿ. ಅವರ ಲೋಟಕ್ಕೆ ನೀರು ಹಾಕುವವರು ಯಾರು, ಎಲ್ಲಿಂದ ತರುತ್ತಾರೆ, ಅದನ್ನು ನೋಡಿ. ಅವರನ್ನು ಬಹಳ ಪ್ರೀತಿಸುವವರಾದರೆ ಇನ್ನಷ್ಟು ನೋಡಿ.

ಚಂಪಾವತಿಗೆ ಮನೆ ಕೊಡುತ್ತೇನೆ. ಆದರೆ ನಾನು ಬಿಟ್ಟು ಹೋಗುವುದಿಲ್ಲ. ಅವರು ನಡುಮನೆ, ಅಡುಗೆಮನೆ ಇಟ್ಟುಕೊಳ್ಳಲಿ, ನನಗೆ ಬಾವಿಯ ಕಡೆಯ ಪಡಸಾಲೆ ಸಾಕು. ಗೂಳಪ್ಪ ತನ್ನ ಹೆಂಡತಿಗೆ ಎಲ್ಲಿಯ ನೀರನ್ನಾದರೂ ಹೊತ್ತು ತರಲಿ. ಬಾಯೊಪ್ಪಿಗೆ ನನ್ನದು. ನನಗೆ ಕದ್ದು ಮೇಲಿನ ನೀರು ತಂದು ಸುರಿಯುವವರು ಯಾರೂ ಉಳಿದಿಲ್ಲ.

ಹನ್ನೊಂದು ವರ್ಷದಿಂದ ಈ ಬಾವಿಯ ಹನಿಯನ್ನೂ ನಾನು ಮುಟ್ಟಿಲ್ಲ. ಒಲೆ ಹಚ್ಚುವ ಮೊದಲು, ನೀರು ನೆಟ್ಟಗಿರುವಾಗಿನ ರುಚಿ ನಾಲಗೆಗೆ ಗೊತ್ತಾಗಬೇಕಲ್ಲ. ಅಕ್ಷರಗಳು ಮಸುಕಾಗುತ್ತಿವೆ, ಕಿಟಕಿಯ ಬಿಸಿಲು ಗೋಡೆ ಹತ್ತಿ ಹೋಯಿತು. ಹಗ್ಗ ಕಾಣುವಷ್ಟು ಬೆಳಕಿರುವಾಗಲೇ ಎದ್ದು ಒಂದು ಕೊಡ ಸೇದುತ್ತೇನೆ.