ಉಳಿದ ಅರ್ಧ ಬಂಡೆ ನಿಮ್ಮದು

ಬಂಡೆಗೆ ನೀರುಣಿಸಲು ತೊಡಗಿದ ಮುನ್ನೂರ ಹದಿನೆಂಟನೇ ವರ್ಷ, ಹದಿಮೂರನೇ ತಿಂಗಳ ಮೊದಲ ಸೋಮವಾರ
ಕರಿಗುಡ್ಡದಪೇಟೆ

ಇನ್ನೂ ಹುಟ್ಟದ ನಮ್ಮವರಿಗೆ ನೀರಗಂಟಿ ನಿಂಗಾಜಮ್ಮ ಮಾಡುವ ನಮಸ್ಕಾರ. ಈ ತಾರೀಕು ನಿಮ್ಮ ಪಂಚಾಂಗದಲ್ಲಿ ಇರಲಾರದು. ನನ್ನ ಮಾತುಗಳಲ್ಲೂ ಅರ್ಧದಷ್ಟು ನಿಮಗೆ ವಿಚಿತ್ರವಾಗಿ ಕಾಣಬಹುದು, ಮನ್ನಿಸಿ. ಆದರೆ ತಲೆ ತಗ್ಗಿಸಿ ಬರೆಯುತ್ತಿದ್ದೇನೆಂದು ಮಾತ್ರ ತಿಳಿಯಬೇಡಿ. ನಮ್ಮ ಊರು ಇವತ್ತು ಮಾಡಿದ ಕೆಲಸದಿಂದ ನನಗೆ ಹೆಮ್ಮೆಯಾಗಿದೆ. ಅದನ್ನು ಹೇಳಿಕೊಳ್ಳಲೆಂದೇ ಕುಳಿತಿದ್ದೇನೆ.

ನಮ್ಮ ಗುಡ್ಡದ ಅಡಿಯಲ್ಲಿರುವುದು ಹಸಿರು ಬಂಡೆ. ಭೂಮಿಯ ಹೊರಸಿಪ್ಪೆಗಿಂತ ಕೆಳಗೆ ಹುಟ್ಟಿ, ಯಾವ ಕಾಲದಲ್ಲೋ ಮೇಲಕ್ಕೆ ನೂಕಿಸಿಕೊಂಡು ಬಂದದ್ದು. ನೀರಿನ ಸಹವಾಸವಿಲ್ಲದೆ ಬೆಳೆದ ಕಲ್ಲಾದ್ದರಿಂದ ನೀರು ಸಿಕ್ಕರೆ ಸುಮ್ಮನಿರುವುದಿಲ್ಲ. ಬಿರುಕುಗಳಲ್ಲಿ ಇಳಿದ ನೀರನ್ನು ಕುಡಿದು, ಬಿಸಿಯಾಗಿ, ಮೈ ಬದಲಿಸಿಕೊಂಡು ಹಾವುಗಲ್ಲಾಗುತ್ತದೆ. ಹಾವಿನ ಪೊರೆಯಂಥ ಮಚ್ಚೆಗಳಿರುವುದರಿಂದ ನಾವು ಇಟ್ಟ ಹೆಸರು ಅದು. ಹೀಗೆ ಬದಲಾಗುವಾಗ ಬಂಡೆ ಬಿಡುವುದೇ ಉರಿಗಾಳಿ. ಹಳಬರು ಅದನ್ನು ಜಲಜನಕ ಎನ್ನುತ್ತಿದ್ದರು. ಇದೇನು ನಾವು ಕಂಡುಹಿಡಿದ ವಿದ್ಯೆಯಲ್ಲ. ಹಳೆಯ ದೇವಸ್ಥಾನಗಳ ಬಳಪದ ಕಲ್ಲನ್ನು ಉಳಿಗೆ ಮೆತ್ತಗಾಗುವಂತೆ ಮಾಡಿಕೊಟ್ಟದ್ದೂ ನೆಲದಡಿಯ ಇಂಥ ನೀರೇ. ಶಿಲ್ಪಿಗಳಿಗೆ ಹೆಸರು ಬಂತು, ಪಾಪ ನೀರಿಗೆ ಬರಲಿಲ್ಲ.

ಹಿಂದಿನ ಕಾಲದ ನೀರಗಂಟಿಗಳು ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದರಂತೆ. ನಾನು ಬಿರುಕುಗಳಿಗೆ ಹಂಚುತ್ತೇನೆ. ಕೊಳವೆಬಾವಿಯ ಬಾಯಿಗೆ ಕಿವಿಯಿಟ್ಟು, ಬಂಡೆ ಕುಡಿಯುತ್ತಿದೆಯೋ ತೇಗುತ್ತಿದೆಯೋ ತಿಳಿದು ತಿರುಪು ತಿರುಗಿಸುವುದು ನನ್ನ ಕಸುಬು. ಮನೆಮನೆಯ ಒಲೆಗೂ ಉರಿಗಾಳಿ ಕೊಳವೆಯಲ್ಲಿ ಬರುತ್ತದೆ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಹಚ್ಚಿದ ಕೂಡಲೇ ಒಂದು ಚಿಟಿಕೆ ಉಪ್ಪು ಎರಚುತ್ತೇವೆ, ಬೆಂಕಿ ಹಳದಿಯಾಗಿ ತಾನಿದ್ದೇನೆಂದು ತೋರಿಸುತ್ತದೆ. ಹೊಸದಾಗಿ ಬಂದ ಸೊಸೆಗೆ ಅತ್ತೆ ಕಲಿಸುವ ಮೊದಲ ಪಾಠ ಇದೇ. ಕಲಿಯದವರ ಹುಬ್ಬು ಸುಟ್ಟಿರುತ್ತದೆ, ಕೇಳಬೇಕಾಗಿಯೇ ಇಲ್ಲ.

ನಮ್ಮೂರಿಗೆ ಬಂದ ನೆಂಟರು ನಮ್ಮನ್ನು ಜಿಪುಣರೆನ್ನುತ್ತಾರೆ. ಊಟಕ್ಕೆ ಕೂತವರಿಗೆ ನಾವು 'ಇನ್ನೊಂದು ಸ್ವಲ್ಪ' ಎಂದು ಬಲವಂತ ಮಾಡುವುದಿಲ್ಲ, ಆ ಮಾತೇ ಇಲ್ಲಿ ನಿಷಿದ್ಧ. ಕಾರಣ ಮೊದಲನೇ ಬಾಯಿ, ಅಂದರೆ ನಮ್ಮವರು ಕೊರೆದ ಮೊದಲ ಕೊಳವೆಬಾವಿ. ಅದು ತೆರೆದು ನೂರು ವರ್ಷವಾದಾಗ ನಮ್ಮ ಹಿರಿಯರು ಹಬ್ಬ ಮಾಡಿದರು. ಬಂಡೆ ಇಷ್ಟು ಕಾಲ ನಮ್ಮನ್ನು ಸಾಕಿದೆ, ಇವತ್ತು ನಾವು ಅದಕ್ಕೆ ಹೊಟ್ಟೆ ತುಂಬ ಕೊಡೋಣ ಎಂದು ಮನೆಗೊಂದರಂತೆ ಕೊಡ ತಂದು ಸುರಿದರು. ಸುರಿದವರ ಉತ್ಸಾಹ ಕಂಡು ಹಬ್ಬವನ್ನು ಇನ್ನಷ್ಟು ದಿನ ಮುಂದುವರಿಸಿದರು. ಬಂಡೆ ನೀರು ಕುಡಿದರೆ ಉಬ್ಬುತ್ತದೆ. ನಿಧಾನವಾಗಿ ಕೊಟ್ಟರೆ ಆ ಉಬ್ಬರವೇ ಹೊಸ ಬಿರುಕು ಮೂಡಿಸಿ ಒಳಗೆ ದಾರಿ ಬಿಡುತ್ತದೆ. ಒಮ್ಮೆಲೇ ಕೊಟ್ಟರೆ ಇದ್ದ ಬಿರುಕುಗಳೂ ಬಿಗಿದುಕೊಳ್ಳುತ್ತವೆ. ಮೊದಲನೇ ಬಾಯಿ ಉಪಚಾರದಿಂದಲೇ ಸತ್ತಿತು. ಎರಡನೆಯದನ್ನು ಕೊರೆಯಲು ಒಂದು ತಲೆಮಾರು ಸವೆಯಿತು.

ಆ ಎರಡನೇ ಬಾಯಿಯನ್ನು ನಾವು ಇವತ್ತು ಮುಚ್ಚಿದೆವು. ಅದು ಸತ್ತಿಲ್ಲ, ಉರಿಗಾಳಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಹಸಿರು ಬಂಡೆ ಅರ್ಧ ಹಾವುಗಲ್ಲಾಗಿದೆ. ಹಾವುಗಲ್ಲು ಮತ್ತೆ ಹಸಿರಾಗುವುದಿಲ್ಲ. ಹೀಗೇ ನಡೆದರೆ ಇನ್ನು ಕೆಲವು ತಲೆಮಾರುಗಳಲ್ಲಿ ಎಲ್ಲ ಮುಗಿದು, ನಿಮಗೆ ಚಿಪ್ಪೇ ಗತಿ. ಅಡುಗೆಗೆ ಬಿಸಿಲಿನ ಒಲೆ, ದೀಪಕ್ಕೆ ಗಾಳಿಯಂತ್ರ ಹೇಗೋ ಸಾಕಾಗುತ್ತವೆ. ಸಾಲದೆ ಹೋಗುವುದು ಗಾಜಿನ ಕುಲುಮೆಗೆ ಮಾತ್ರ. ಊರಲ್ಲಿ ಉಳಿದಿದ್ದ ಒಂದೇ ಕುಲುಮೆ ನನ್ನ ತಮ್ಮ ಬೋರಲಿಂಗನದು. ಬಳೆ ಮಾಡುವುದೇ ಅವನ ಉಸಿರು, ಬೇರೆ ಕೆಲಸ ಅವನು ಕಲಿತವನಲ್ಲ.

ಮುಚ್ಚೋಣವೆಂದು ಸಭೆಯಲ್ಲಿ ಎದ್ದು ಹೇಳಿದವಳು ನಾನೇ. ಬೋರಲಿಂಗ ಎಲ್ಲರೆದುರಿಗೇ ನನ್ನನ್ನು ಕೇಳಿದ: "ಅಕ್ಕಾ, ಇನ್ನೂ ಹುಟ್ದೇ ಇರೋರಿಗೆ ಎಲೆ ಹಾಕಕ್ಕೆ ಉಣ್ತಾ ಕೂತಿರೋರ್ನ ಎಬ್ಬುಸ್ತಿದ್ದೀಯಲ್ಲ, ಇದು ನ್ಯಾಯನಾ?" ನ್ಯಾಯವಲ್ಲ ಎಂದೇ ನನಗೂ ಅನ್ನಿಸಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಊರು ಒಂದೊಂದೇ ಕೈ ಎತ್ತಿತು. ಕೊನೆಯಲ್ಲಿ ಎದ್ದ ಕೈ ಅವನದು.

ಇವತ್ತು ಬೆಳಿಗ್ಗೆ ನಾನು ತಿರುಪಿಗೆ ಕೈಹಾಕಿದಾಗ ಅವನು ನನ್ನನ್ನು ಪಕ್ಕಕ್ಕೆ ಸರಿಸಿದ. "ಮುಚ್ಚೋದಾದ್ರೆ ನಾನೇ ಮುಚ್ತೀನಿ. ನಾಳೆ ಯಾರೂ ಬೋರಲಿಂಗನ ಕೈಯಿಂದ ಕಿತ್ಕೊಂಡ್ರು ಅನ್ನಬಾರ್ದು, ಅವನೇ ಕೊಟ್ಟ ಅನ್ನಬೇಕು." ಹಾಗೆಂದವನೇ ಒಂದೇ ಪಟ್ಟಿಗೆ ತಿರುಗಿಸಿ ಮುಗಿಸಿದ. ನಾನು ಊರೆದುರಿಗೆ ಅತ್ತೆ, ಮುಚ್ಚಿಡುವುದೇನು. ಇಂಥವನ ಅಕ್ಕ ನಾನು ಎಂದು ಎದೆಯುಬ್ಬಿಸಿಕೊಂಡೂ ನಿಂತೆ.

ಆದ್ದರಿಂದ ಉಳಿದ ಅರ್ಧ ಬಂಡೆ ನಿಮ್ಮದು. ಬೇರೆ ದಾರಿಯಿಲ್ಲದಾಗ ತೆರೆಯಿರಿ, ನೀರನ್ನು ತೊಟ್ಟುತೊಟ್ಟಾಗಿ ಕೊಡಿ, ಪ್ರೀತಿ ಹೆಚ್ಚಾಯಿತೆಂದು ಕೈ ಹೆಚ್ಚು ಮಾಡಬೇಡಿ. ಒಂದೇ ಒಂದು ಕೇಳಿಕೆಯಿದೆ. ತೆರೆದ ದಿನ ಮೊದಲ ಉರಿಗಾಳಿಯನ್ನು ಅಡುಗೆಮನೆಗೆ ಕೊಡದೆ ಒಂದು ಗಾಜಿನ ಕುಲುಮೆ ಹೊತ್ತಿಸಿ. ಅಷ್ಟು ಹೊತ್ತಿಗೆ ಬಳೆ ಮಾಡುವುದು ಯಾರಿಗೂ ಗೊತ್ತಿರುವುದಿಲ್ಲ. ಸೊಟ್ಟಗಾದರೂ ಆಗಲಿ, ಒಂದು ಹಸಿರು ಬಳೆ ಮಾಡಿ, ಯಾವುದಾದರೂ ಹೆಣ್ಣುಮಗುವಿನ ಕೈಗೆ ತೊಡಿಸಿ, ಇದು ಬೋರಲಿಂಗಜ್ಜನ ಕುಲುಮೆಯದು ಎಂದು ಹೇಳಿ.

ಅವನು ಈಗ ಆರಿದ ಕುಲುಮೆಯ ಮುಂದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ನಾನು ಹೋಗಿ ಅವನ ಪಕ್ಕದಲ್ಲಿ ಕೂರಬೇಕು.