ಎರಡು ಪಾಲಾದ ಯೆಜ್ಡಿ

ಹೂವಿನ ಹಿಪ್ಪರಗಿ
14-11-2024

ದೋಸ್ತ ಜುಲ್ಫಿಕರ,

ನಮಸ್ಕಾರ, ಸಲಾಂ ಎರಡೂ. ಪತ್ರ ತಡವಾಯಿತು, ಸಿಟ್ಟಾಗಬೇಡ. ತಡ ಅಂದರೆ ಮೂವತ್ತಮೂರು ವರ್ಷ! ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ ಅಂತ ನಿನ್ನ ತಂಗಿ ಶಮ್ಶುನ್ನೀಸಾ ಹೇಳಿದಳು. ಅದಕ್ಕೇ ಈ ಕಾಗದ. ಹರಿದೊಗೆಯುವ ಮುಂಚೆ ಒಂದು ಸುದ್ದಿ ಓದಿಬಿಡು: ನಮ್ಮ ಯೆಜ್ಡಿ ಸ್ಟಾರ್ಟ್ ಆಯಿತು!

ಕೂಡಿ ಕೊಂಡ ಮೋಟಾರ್‌ಸೈಕಲ್ಲನ್ನು ಹೊಲದ ಹಾಗೆ ಪಾಲು ಮಾಡಿಕೊಂಡವರು ಜಿಲ್ಲೆಯಲ್ಲಿ ನಾವಿಬ್ಬರೇ ಇರಬೇಕು. ಜಗಳವಾದ ಮೇಲೆ ಹಿರಿಯರು ಕುಂತು, ಎಂಜಿನ್ ನಿನಗೆ, ಉಳಿದದ್ದು ನನಗೆ ಅಂದರು. ನಾವೂ ಹಟಕ್ಕೆ ಬಿದ್ದು ಗೋಣು ಹಾಕಿದೆವು. ನೀನು ಎಂಜಿನ್ನನ್ನು ಚೀಲದಲ್ಲಿ ಕಟ್ಟಿ ಮಸೂತಿ ಊರಿನ ತಂಗಿ ಮನೆಯಲ್ಲಿಟ್ಟು ಸೊಲ್ಲಾಪುರಕ್ಕೆ ಹೋದೆ. ನಾನು ಗಾಡಿಯ ಮೇಲೆ ತೊಗರಿ ಕಟ್ಟಿಗೆ ಒಟ್ಟಿದೆ.

ಹೋದ ಬೇಸಿಗೆಯಲ್ಲಿ ಕಟ್ಟಿಗೆ ತೆಗೆಸಿದರೆ ಟ್ಯಾಂಕಿಗೆ ಕೈ ತೂರುವಷ್ಟು ತೂತು, ಹೆಡ್‌ಲೈಟಿನೊಳಗೆ ಕಣಜದ ಗೂಡು, ಸೀಟಿನ ಗುಂಡಿಯಲ್ಲಿ ಬೆಕ್ಕಿನ ಮೂರು ಮರಿ. ನನ್ನ ಹೆಂಡತಿ ಜಯಮಾಲಾ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದನ್ನ ಗುಜರಿಯವ್ನೂ ಒಯ್ಯಂಗಿಲ್ರಿ" ಅಂದಳು.

ಅಂಥದ್ದಕ್ಕೆ ಸಿಂದಗಿಯ ಮಲ್ಲಣ್ಣ ಮಿಸ್ತ್ರಿ ಸಿಕ್ಕ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾನೆ. ತುಕ್ಕು ಉಜ್ಜುವ ಆಳು ನಾನು. ನನ್ನ ಗೊಬ್ಬರದ ಅಂಗಡಿಗೆ ಬಂದ ಗಿರಾಕಿಗಳು ನನ್ನ ಕರಿ ಉಗುರು ನೋಡಿ ನಗುತ್ತಾರೆ, ನಗಲಿ. ಟ್ಯಾಂಕಿಗೆ ತಗಡು ಬೆಸೆಸಿ ಹಳೇ ಕೆಂಪು ಬಣ್ಣವನ್ನೇ ಹೊಡೆಸಿದ್ದೇನೆ. ಸೈಲೆನ್ಸರ್ ಎರಡರಲ್ಲೂ ಮುಖ ನೋಡಿ ಗಡ್ಡ ಹೆರೆದುಕೊಳ್ಳಬಹುದು!

ಎಂಜಿನ್ ಕೇಳಲು ಮಸೂತಿಗೆ ಹೋದೆ. ಶಮ್ಶುನ್ನೀಸಾ ಚಹಾ ಕೊಟ್ಟಳು, ಚೀಲ ಕೊಡಲಿಲ್ಲ. ಮೂರನೇ ಸಲ ಹೋದಾಗ ಅವಳಿಗೂ ಸಾಕಾಯಿತು. "ಒಯ್ರಿ ಸಿದ್ದಲಿಂಗಣ್ಣಾ. ನಮ್ಮಣ್ಣ ಪಾನಾ-ಸ್ಪ್ಯಾನರ್ ಮುಟ್ಟಿ ಮೂವತ್ತ ವರ್ಷ ಆತು, ಅಲ್ಲಿ ಹಣ್ಣಿನ ಗಾಡಿ ನೂಕತಾನ. ಇದನ್ನ ಇಟ್ಕೊಂಡು ನಾ ಏನ್ ಮಾಡ್ಲಿ?" ಅಂದಳು. ಬರುವಾಗ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು.

ನಮ್ಮ ಜಗಳದ ದಿನ ಜಾಮಾಗಿದ್ದ ಪಿಸ್ಟನ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಲ್ಲಣ್ಣ ಅಂಗಳದಲ್ಲಿ ಕುಂತು ಸಿಲಿಂಡರಿಗೆ ಬೆಂಕಿ ಹಿಡಿದು ಕಾಸಿದ. ಅಡಿಗೆಮನೆಯಿಂದ ಜಯಮಾಲಾ ಕೂಗಿದಳು: "ಏನ್ರೀ, ಅಂಗಳದಾಗ ಭಜಿ ಕರ್ಯಾಕತ್ತೀರೇನು?" ಮಲ್ಲಣ್ಣ ನಕ್ಕೂ ನಕ್ಕು ಪಾನಾ ಕೆಳಗಿಟ್ಟ. ಅರ್ಧ ತಾಸಿನಲ್ಲಿ ಪಿಸ್ಟನ್ ಸಡಿಲವಾಯಿತು.

ನಿನ್ನೆ ಸಂಜೆ ಮೂರನೇ ಕಿಕ್ಕಿಗೆ ಡಬ್ ಡಬ್ ಡಬ್! ಓಣಿಗೆ ಓಣಿಯೇ ಓಡಿಬಂತು. ಹೊಗೆಯಲ್ಲಿ ಜಯಮಾಲಾ ಕಾಣದಾದಳು, "ಭಾರೀ ಐತ್ರಿ ಸಪ್ಪಳ" ಅಂದದ್ದು ಮಾತ್ರ ಕೇಳಿಸಿತು. ಐವತ್ತಾರರ ಮುದುಕ ನಾನು ಕುಣಿದೆನೋ ಜುಲ್ಫಿ! ಆದರೆ ಓಡಿಸಿಲ್ಲ. ಗೇರಿಗೇ ಹಾಕಿಲ್ಲ. ಮೊದಲ ಸುತ್ತು ನಿನ್ನದು, ಹಿಂದಿನ ಸೀಟು ನನ್ನದು.

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ಮಕ್ಕಳಿಗೆ ಆಶೀರ್ವಾದ, ನನ್ನನ್ನು ಕಾಕಾ ಅಂತ ಒಪ್ಪಿದರೆ.

ನಿನ್ನ ಅರ್ಧ ಗಾಡಿಯವ,
ಸಿದ್ದಲಿಂಗ

ತಾ.ಕ.: ಜಯಮಾಲಾ ಭಜಿ ಅಂದಾಗ ನಾನು ನಗಲಿಲ್ಲ. ಅದು ಕುಸುಬಿ ಎಣ್ಣೆಯ ವಾಸನೆ. ಪಿಸ್ಟನ್ನಿಗೆ ಒಣಗಿ ಅಂಟಿಕೊಂಡಿದ್ದದ್ದೂ ಅದೇ. ನಮ್ಮವ್ವ ಎಂಜಿನ್ ಎಣ್ಣೆಯ ಖಾಲಿ ಡಬ್ಬಿ ತೊಳೆದು ಅದರಲ್ಲಿ ಗಾಣದ ಎಣ್ಣೆ ತುಂಬಿಡುತ್ತಿದ್ದಳು. ಎರಡೂ ಡಬ್ಬಿ ಒಂದೇ ಗೂಡಿನಲ್ಲಿ. ನೀನು ನನ್ನನ್ನು ಮಾಸ್ತರ ಕೆಲಸದ ಸಂದರ್ಶನಕ್ಕೆ ಬಿಜಾಪುರಕ್ಕೆ ಕರೆದುಕೊಂಡು ಹೊರಟ ಹಿಂದಿನ ದಿನ, ಪೆಟ್ರೋಲಿಗೆ ಬೆರೆಸುವ ಎಣ್ಣೆಯ ನಿನ್ನ ಕರಿ ಬಾಟಲಿಯನ್ನು ಮೂಸಿ ನೋಡದೆ ತಪ್ಪು ಡಬ್ಬಿಯಿಂದ ತುಂಬಿಟ್ಟವನು ನಾನು. ನಸುಕಿನಲ್ಲಿ ನೀನು ನನ್ನನ್ನು ನಂಬಿ ಸುರಿದೆ. ಗಾಡಿ ಜಾಮಾಯಿತು, ಸಂದರ್ಶನ ತಪ್ಪಿತು. ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಮಂದಿಯ ಎದುರು ನಾನು, "ಎಣ್ಣಿ ಹಾಕೋ ಖಬರಿಲ್ಲ, ಇಂವ ಎಂಥಾ ಮಿಸ್ತ್ರಿ!" ಅಂದೆ. "ಹಾಕೇನಿ, ಅಲ್ಲಾನ ಆಣಿ" ಅಂತ ನೀನು ಅಂದದ್ದನ್ನು ಯಾರೂ ಕೇಳಲಿಲ್ಲ. ಆಮೇಲೆ ಯಾವ ಗ್ಯಾರೇಜಿನವನೂ ನಿನಗೆ ಎಂಜಿನ್ ಮುಟ್ಟಗೊಡಲಿಲ್ಲ.

ತಪ್ಪು ನನ್ನದು. ಬಾ. ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅಷ್ಟೇ ಜೋರಾಗಿ ಹೇಳುತ್ತೇನೆ. ಟ್ಯಾಂಕ್ ಖಾಲಿ ಮಾಡಿಟ್ಟಿದ್ದೇನೆ. ಎಣ್ಣೆ ನೀನೇ ತಂದು ಹಾಕು, ಬಾಟಲಿ ನಾನು ಮುಟ್ಟುವುದಿಲ್ಲ.