ಮಚ್ಚೆ ಮರಿ ಹಾಕಿದ ದಿನ

ಮಾರ್ಚ್ 4

ಇವತ್ತೂ ಬೆಳಗಿನಿಂದ ಪಾಸ್‌ಪೋರ್ಟ್ ಫೋಟೋಗಳೇ. ಗದ್ದ ಕೆಳಗೆ, ಎರಡೂ ಕಿವಿ ಕಾಣಲಿ, ನಗಬೇಡಿ. ಸ್ಟುಡಿಯೋ ಮುಚ್ಚಿ ಫೋಟೋಗ್ರಫಿ ಕ್ಲಾಸಿಗೆ ಓಡಿದೆ. ನನ್ನ ಚಿತ್ರಗಳನ್ನು ನೋಡಿ ಮೇಷ್ಟ್ರು ತಲೆ ಕೆರೆದುಕೊಂಡರು.

"ಮರಾನೂ ನಟ್ಟನಡುವೆ ನಿಲ್ಸಿದ್ದೀರಲ್ಲ ಮೇಡಂ. ಅದಕ್ಕೂ ವೀಸಾ ಬೇಕಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ... ಒಳಗೆ ಉರಿಯಿತು. ತಿಂಗಳ ಕೊನೆಗೆ ಲೈಬ್ರರಿ ಗೋಡೆಯ ಮೇಲೆ ಪ್ರದರ್ಶನ. ಒಬ್ಬರಿಗೆ ಒಂದೇ ಚಿತ್ರ, ಅದೂ ಮೇಷ್ಟ್ರು ಒಪ್ಪಿದರೆ. ಇಷ್ಟು ವರ್ಷ ನಾನು ತೆಗೆದದ್ದೆಲ್ಲ ಯಾರದೋ ಅರ್ಜಿಗೆ ಅಂಟಿ ಹೋಗಿದೆ. ಒಂದಾದರೂ ಗೋಡೆಗೆ ಏರಬೇಕು. ಹಟ ಬಂದಿದೆ.

ಮಾರ್ಚ್ 9

ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಬೆಳಕು ಒಂದು ಕಡೆಯಿಂದ, ಮುಖ ಫ್ರೇಮಿನ ಒಂದು ಪಕ್ಕಕ್ಕೆ — ಮೇಷ್ಟ್ರು ಹೇಳಿದ ಹಾಗೇ. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಬಾಯಿ ತೆರೆದೆ.

"ಗದ್ದ ಸ್ವಲ್ಪ ಕೆಳಗೆ ಅತ್ತೆ."

ಮುಗಿಯಿತು. ಕಂಬದ ಹಾಗೆ ಸೆಟೆದರು. ಕೈ ಬಾಯಿಗೆ ಹೋಯಿತು. ಹೋದ ವರ್ಷ ಮುಖದ ಎಡಭಾಗಕ್ಕೆ ಲಕ್ವ ಹೊಡೆದು ಬಾಯಿ ಸೊಟ್ಟಗಾಯಿತಲ್ಲ, ಆವಾಗಿನಿಂದ ಹೀಗೇ. ಕ್ಯಾಮೆರಾ ಕಂಡರೆ ಕೈ ಅಡ್ಡ.

ಇವರು ಬಾಗಿಲಲ್ಲೇ ನಿಂತು, "ಲೆನ್ಸಿಗೆ ಮುಚ್ಚಳ ಇದ್ಯಲ್ಲ, ಅದನ್ನ ನಿನ್ನ ಬಾಯಿಗೆ ಹಾಕು" ಅಂದರು. ಕಟ್ಟಿಕೊಂಡ ಗಂಡ ಅಂದರೆ ಹೀಗಿರಬೇಕು.

ಮಾರ್ಚ್ 10, ಮಧ್ಯಾಹ್ನ

ನಿನ್ನೆ ತೆಗೆದವುಗಳಲ್ಲಿ ಅತ್ತೆ ಕೈ ಇಳಿಸಿದ್ದ ಒಂದು ಫೋಟೋ ಸಿಕ್ಕಿತು. ಅತ್ತೆಗೆ ಖುಷಿಯಾಗಲಿ ಅಂತ ಕಂಪ್ಯೂಟರಿನಲ್ಲಿ ಸರಿ ಮಾಡಿದೆ. ಮುಖದ ಬಲಭಾಗವನ್ನು ಕಾಪಿ ಮಾಡಿ, ತಿರುಗಿಸಿ, ಎಡಕ್ಕೆ ಅಂಟಿಸಿದೆ. ಬಾಯಿ ಈಗ ಗೆರೆ ಎಳೆದಷ್ಟು ನೇರ. ಬೆಳಕೂ ಎರಡೂ ಕಡೆಯಿಂದ ಬಂದ ಹಾಗಾಯಿತು, ಹೋಗಲಿ. ಗಿರಾಕಿಗಳಿಗೆ ಮಾಡಿ ಮಾಡಿ ಕೈ ಪಳಗಿದೆ.

ಅದೇ ದಿನ, ಸಂಜೆ

ಅಯ್ಯೋ ನನ್ನ ಕರ್ಮ. ಅತ್ತೆ ಪ್ರಿಂಟನ್ನು ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಏರಿಸಿ ನೋಡಿದರು.

"ಏನೇ ಇದು, ನನ್ನ ಮಚ್ಚೆ ಮರಿ ಹಾಕ್ಬಿಟ್ಟಿದ್ಯಲ್ಲೇ."

ಬಲಗೆನ್ನೆಯ ಮಚ್ಚೆ ಎಡಗೆನ್ನೆಗೂ ಬಂದು ಕೂತಿದೆ. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅತ್ತೆಗೆ ನಗು ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡರು. ಬಾಯಿ ಒಂದು ಕಡೆಗೆ ಎಳೆದಿತ್ತು, ಕಣ್ಣಲ್ಲಿ ನೀರು. ಕ್ಯಾಮೆರಾ ಕೊರಳಲ್ಲೇ ಇತ್ತು. ತುಟಿ ಕಚ್ಚಿ ಹಿಡಿದು ಕ್ಲಿಕ್ ಮಾಡಿದೆ.

ಒಂದೇ ಕಿವಿ ಕಾಣುತ್ತಿದೆ. ಎಷ್ಟು ಚೆನ್ನಾಗಿದ್ದಾರೆ ನಮ್ಮತ್ತೆ.

ಮಾರ್ಚ್ 12

ಮೇಷ್ಟ್ರು ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ, "ಇದೇ ಇರ್ಲಿ. ನೆರಳು ಸ್ವಲ್ಪ ತಿಳಿ ಮಾಡಿ, ಬೇರೆ ಏನೂ ಮುಟ್ಬೇಡಿ." ರಸ್ತೆಯಲ್ಲಿ ಕುಣಿಯುವುದೊಂದು ಬಾಕಿ.

ಮನೆಗೆ ಬಂದು ಚಿತ್ರವನ್ನು ಫೋನಿಗೆ ಹಾಕಿ ಅತ್ತೆಗೆ ತೋರಿಸಿದೆ. ಮುಖ ಇಳಿದುಹೋಯಿತು.

"ನನ್ನ ಸೊಟ್ಟ ಬಾಯಿ ಊರಿಗೆಲ್ಲ ತೋರಿಸ್ಬೇಕೇನೇ?"

ಬೇಡ ಅಂದಮೇಲೆ ಬೇಡ. ಮುಖ ಅವರದು. ಬೇರೆ ಚಿತ್ರ ಹುಡುಕಬೇಕು.

ಮಾರ್ಚ್ 21

ಕೊಡೆ, ಮೆಟ್ಟಿಲು, ಸೈಕಲ್ಲು... ಏನೇನೋ ತೆಗೆದೆ. ಮರ ಈಗ ಬದಿಗೆ ಸರಿದಿದೆ, ಅಷ್ಟರಮಟ್ಟಿಗೆ ಕಲಿತಿದ್ದೇನೆ. ಯಾವುದೂ ಅತ್ತೆಯ ಆ ಚಿತ್ರದ ಕಾಲಧೂಳಿಗೂ ಸಮವಿಲ್ಲ. ಅತ್ತೆ ನನ್ನ ಫೋನು ಇಸಕೊಂಡು ಅದೇ ಚಿತ್ರ ನೋಡುತ್ತಿರುತ್ತಾರೆ. ನಾನು ಕಂಡೂ ಕಾಣದ ಹಾಗಿದ್ದೇನೆ.

ಮಾರ್ಚ್ 27

ಚಿತ್ರ ಕೊಡಲು ನಾಳೆ ಕೊನೆ. ಕೊಡೆಯದ್ದನ್ನೇ ಕೊಡೋಣ ಎಂದು ಪ್ರಿಂಟರಿಗೆ ಕಾಗದ ಹಾಕುತ್ತಿದ್ದೆ. ಅತ್ತೆ ಸ್ಟುಡಿಯೋಗೆ ಬಂದರು. ಒಬ್ಬರೇ.

"ಗೋಡೆಗೆ ಹಾಕೋದು ಎಷ್ಟು ದೊಡ್ಡದು?"

ಕೈಯಲ್ಲಿ ಅಳತೆ ತೋರಿಸಿದೆ.

"ಇನ್ನೂ ದೊಡ್ಡದಾಗಲ್ವಾ? ಫೋನಲ್ಲಿ ಚಿಕ್ಕದಾಗಿ ನೋಡಿದ್ರೆ ಬರೀ ಬಾಯಿ ಕಾಣತ್ತೆ. ಬೆರಳಲ್ಲಿ ಎಳೆದು ದೊಡ್ಡದು ಮಾಡಿದ್ರೆ ನಗು ಕಾಣತ್ತೆ."

ಕೊಡೆಗೆ ಹಾಕಿದ್ದ ಕಾಗದ ಹೊರಗೆಳೆದೆ.

ಇದ್ದುದರಲ್ಲೇ ದೊಡ್ಡ ಕಾಗದ ಹಾಕಿದ್ದೇನೆ. ಪ್ರಿಂಟರು ನಿಧಾನ, ಅದಕ್ಕೇ ಬರೆಯುತ್ತ ಕೂತಿದ್ದೇನೆ. ಅತ್ತೆ ಪಕ್ಕದಲ್ಲೇ, ಬಗ್ಗಿ ನೋಡುತ್ತಿದ್ದಾರೆ. ಕೂದಲು ಬಂತು. ಹಣೆ. ಕಣ್ಣು. ಈಗ ಬಾಯಿ—